ಬೋಧಕಪೀಠವೂ ಸ್ತ್ರೀಯೂ: ಗಂಗಾಮೂಲದಿಂದ ನಂದ್ಯಾಲದವರೆಗೆ

೧. ಪ್ರಸ್ತಾವನೆ

ಕನ್ನಡ, ತೆಲುಗು, ತಮಿಳು ಎಂಬ ಮೂರು ನುಡಿಗಳು ಕೂಡುವ ನಮ್ಮ ಹೊಸೂರು, ಕೃಷ್ಣಗಿರಿ ಪ್ರಾಂತದಲ್ಲಿ ಚರಿತ್ರೆಯ ಸಾಮಗ್ರಿಗೆ ಕೊರತೆಯಿಲ್ಲ. ಶಾಸನ, ವೀರಗಲ್ಲು, ಕೋಟೆ, ಕೆರೆಗಳನ್ನು ಕುರಿತು ನಮ್ಮ ಉಪಾಧ್ಯಾಯ ಮಿತ್ರರು ಆಸಕ್ತಿಯಿಂದ ಅಧ್ಯಯನ ಮಾಡುತ್ತಾರೆ. ಆದರೆ ಕಳೆದ ಎರಡು ಶತಮಾನಗಳಲ್ಲಿ ನಮ್ಮ ನಾಡಿನ ವಿದ್ಯಾಭ್ಯಾಸ, ವೈದ್ಯ, ಮುದ್ರಣ ಇವುಗಳ ಮೇಲೆ ಕ್ರೈಸ್ತ ಸಂಸ್ಥೆಗಳು ಬೀರಿದ ಪ್ರಭಾವವನ್ನು ಅಷ್ಟೇ ಆಸಕ್ತಿಯಿಂದ ಪರಿಶೀಲಿಸಿದವರು ಕಡಿಮೆ. ಕನ್ನಡಿಗರಾದ ನಾವು ೧೮೪೩ರ ‘ಮಂಗಳೂರ ಸಮಾಚಾರ’ವನ್ನೂ ೧೮೯೪ರ ಕಿಟ್ಟೆಲರ ನಿಘಂಟನ್ನೂ ಕೃತಜ್ಞತೆಯಿಂದ ನೆನೆಯುತ್ತೇವೆ. ಅವೆಲ್ಲ ಪುರುಷರ ಕಾರ್ಯಗಳು. ಅದೇ ಸಂಸ್ಥೆಗಳಲ್ಲಿ ಪಾಠ ಹೇಳಿದ, ರೋಗಿಗಳನ್ನು ನೋಡಿಕೊಂಡ, ಊರೂರು ತಿರುಗಿದ ಸ್ತ್ರೀಯರ ಸಂಗತಿ ಏನಾಯಿತು? ಅವರಿಗೆ ಆ ಸಭೆಯ ಉನ್ನತ ಅಧಿಕಾರ ಎಂದು, ಹೇಗೆ ದೊರೆಯಿತು? ಇದನ್ನು ವಿಚಾರಿಸುವುದೇ ಈ ಕಿರುಲೇಖನದ ಉದ್ದೇಶ. ಲೇಖಕನು ಆ ಮತದವನಲ್ಲ. ಚರಿತ್ರೆಯ ಒಬ್ಬ ವಿದ್ಯಾರ್ಥಿ, ಒಬ್ಬ ಉಪಾಧ್ಯಾಯ, ಅಷ್ಟೆ.

ಉಪಾಧ್ಯಾಯನಾದವನಿಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಲು ಒಂದು ಕಾರಣವಿದೆ. ಬಿಷಪ್ಪರ ಮುಖ್ಯ ದೇವಾಲಯಕ್ಕೆ ಕಥೀಡ್ರಲ್ ಎಂದು ಹೆಸರು. ಆ ಹೆಸರಿನ ಮೂಲ ಗ್ರೀಕ್ ಭಾಷೆಯ ‘ಕಥೆದ್ರ’. ಅದರ ಅರ್ಥ ಪೀಠ, ಕುರ್ಚಿ. ಪ್ರಾಚೀನ ಕಾಲದಲ್ಲಿ ಗುರುವು ಕುಳಿತು ಪಾಠ ಹೇಳುತ್ತಿದ್ದ ಆಸನಕ್ಕೂ ಅದೇ ಹೆಸರು. ‘ಬಿಷಪ್’ ಎಂಬ ಮಾತಿನ ಮೂಲವಾದ ‘ಎಪಿಸ್ಕೊಪೊಸ್’ ಎಂದರೆ ಮೇಲ್ವಿಚಾರಕ. ನಮ್ಮ ಇಲಾಖೆಯ ಮಾತಿನಲ್ಲಿ ಹೇಳುವುದಾದರೆ ಇನ್ಸ್‌ಪೆಕ್ಟರ್. ಆದ್ದರಿಂದ ಸ್ತ್ರೀಯು ಬಿಷಪ್ ಆಗಬಹುದೇ ಎಂಬ ಪ್ರಶ್ನೆ ಮೂಲದಲ್ಲಿ ಸ್ತ್ರೀಯು ಎಲ್ಲರಿಗೂ ಬೋಧಿಸಬಹುದೇ, ಪುರುಷರಿಗೂ ಬೋಧಿಸಬಹುದೇ ಎಂಬ ಪ್ರಶ್ನೆಯೇ ಆಗಿದೆ. ಈ ಪ್ರಶ್ನೆಯನ್ನು ಸಭೆಯ ಮುಂದೆ ಧೈರ್ಯವಾಗಿ ಎತ್ತಿದ ಭಾರತೀಯ ಸ್ತ್ರೀಯರಲ್ಲಿ ಮೊದಲಿಗರಾದ ಒಬ್ಬರು ನಮ್ಮ ಕನ್ನಡನಾಡಿನ ಮಲೆಯಲ್ಲಿ ಹುಟ್ಟಿದವರು. ಅದಕ್ಕೆ ದಕ್ಷಿಣ ಭಾರತ ಸಭೆಯ ಉತ್ತರ ದೊರೆತದ್ದು ನಮ್ಮ ನೆರೆಯ ಆಂಧ್ರದ ನಂದ್ಯಾಲದಲ್ಲಿ. ನಡುವೆ ಸುಮಾರು ನೂರಮೂವತ್ತು ವರ್ಷಗಳು ಕಳೆದವು.

೨. ಗಂಗಾಮೂಲದ ಬಾಲಿಕೆ

ತುಂಗಾ, ಭದ್ರಾ, ನೇತ್ರಾವತಿ ನದಿಗಳು ಹುಟ್ಟುವ ಗಂಗಾಮೂಲದ ಅರಣ್ಯದಲ್ಲಿ ೧೮೫೮ರ ಏಪ್ರಿಲ್ ೨೩ರಂದು ರಮಾಬಾಯಿಯವರು ಜನಿಸಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆ, ಸಂಸ್ಕೃತದಲ್ಲಿ ಘನ ವಿದ್ವಾಂಸರು; ತಾಯಿ ಲಕ್ಷ್ಮೀಬಾಯಿ. ಅನಂತಶಾಸ್ತ್ರಿಗಳು ತಮ್ಮ ಪತ್ನಿಗೆ ಸಂಸ್ಕೃತ ಕಲಿಸಲು ತೊಡಗಿದಾಗ ಬಂಧುಬಳಗದವರು ವಿರೋಧಿಸಿದರು. ಅವರು ಉಡುಪಿಯಲ್ಲಿ ಪಂಡಿತರ ಸಭೆಯ ಮುಂದೆ ನಿಂತು, ಸ್ತ್ರೀಗೆ ವಿದ್ಯೆ ಹೇಳುವುದು ಶಾಸ್ತ್ರವಿರುದ್ಧವಲ್ಲವೆಂದು ವಾದಿಸಿದರೆಂದು ಜೀವನಚರಿತ್ರಕಾರರು ಬರೆದಿದ್ದಾರೆ. ಕೊನೆಗೆ ಊರಿನ ಗೊಡವೆ ಬೇಡವೆಂದು ಅವರು ಕಾಡಿನಲ್ಲೇ ಆಶ್ರಮ ಕಟ್ಟಿಕೊಂಡರು. ಆ ತಾಯಿಯೇ ಮಗಳಿಗೆ ಮೊದಲ ಗುರುವಾದರು. ಅಲ್ಲಿಗೆ ಬರುತ್ತಿದ್ದ ಶಿಷ್ಯರಿಗೂ ಆಕೆ ಪಾಠ ಹೇಳುತ್ತಿದ್ದರು. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಇಂಗ್ಲೆಂಡಿನಲ್ಲಿ ಇದೇ ಒಂದು ದೊಡ್ಡ ಸಾಕ್ಷಿಯಾಗಿ ಬರುತ್ತದೆ.

ಕುಟುಂಬವು ಬಡತನಕ್ಕೆ ಸಿಕ್ಕಿ ಪುಣ್ಯಕ್ಷೇತ್ರಗಳಲ್ಲಿ ಪುರಾಣ ಹೇಳುತ್ತ ಅಲೆಯಿತು. ೧೮೭೦ರ ದಶಕದಲ್ಲಿ ದಕ್ಷಿಣವನ್ನು ಕಾಡಿದ ಬರಗಾಲದ ದಿನಗಳಲ್ಲಿ ತಂದೆ, ತಾಯಿ, ಅಕ್ಕ ಮೂವರೂ ತೀರಿಕೊಂಡರು. ಅದೇ ದಶಕದ ಕೊನೆಯ ಮಹಾಕ್ಷಾಮದ ಏಟು ನಮ್ಮ ಅಂದಿನ ಸೇಲಂ ಜಿಲ್ಲೆಗೂ ಬಲವಾಗಿಯೇ ತಗುಲಿತ್ತು. ಉಳಿದ ಅಣ್ಣ ತಂಗಿ ನಡೆದುಕೊಂಡೇ ಊರೂರು ದಾಟಿ ೧೮೭೮ರಲ್ಲಿ ಕಲ್ಕತ್ತೆಯನ್ನು ಸೇರಿದರು. ಇಪ್ಪತ್ತು ವರ್ಷದ ಆ ತರುಣಿಯ ಸಂಸ್ಕೃತ ಪಾಂಡಿತ್ಯವನ್ನು ಪರೀಕ್ಷಿಸಿದ ವಿದ್ವಾಂಸರು ಬೆರಗಾಗಿ ‘ಪಂಡಿತಾ’ ಎಂದೂ ‘ಸರಸ್ವತೀ’ ಎಂದೂ ಬಿರುದು ಕೊಟ್ಟರು. ೧೮೮೦ರಲ್ಲಿ ಅಣ್ಣ ಶ್ರೀನಿವಾಸ ಗತಿಸಿದರು. ಅದೇ ವರ್ಷ ರಮಾಬಾಯಿಯವರು ಬಂಗಾಳದ ವಕೀಲರಾದ ಬಿಪಿನ್ ಬಿಹಾರಿ ದಾಸ್ ಮೇಧಾವಿಯವರನ್ನು ಜಾತಿಯ ಕಟ್ಟು ಮೀರಿ ವಿವಾಹವಾದರು. ೧೮೮೧ರಲ್ಲಿ ಮಗಳು ಮನೋರಮಾ ಹುಟ್ಟಿದಳು. ೧೮೮೨ರಲ್ಲಿ ಪತಿ ತೀರಿಕೊಂಡರು. ಇಪ್ಪತ್ತಮೂರರ ಪ್ರಾಯದಲ್ಲಿ, ಕೈಗೂಸಿನೊಂದಿಗೆ, ಆಕೆ ವಿಧವೆಯಾದರು.

ಅನಂತರ ಪುಣೆಗೆ ಬಂದು ‘ಆರ್ಯ ಮಹಿಳಾ ಸಮಾಜ’ವನ್ನು ಸ್ಥಾಪಿಸಿದರು. ಅದೇ ೧೮೮೨ರಲ್ಲಿ ಹಂಟರ್ ಅವರ ಅಧ್ಯಕ್ಷತೆಯ ಶಿಕ್ಷಣ ಆಯೋಗದ ಮುಂದೆ ಸಾಕ್ಷ್ಯ ನುಡಿದರು. ಹೆಣ್ಣುಮಕ್ಕಳಿಗೆ ಪಾಠ ಹೇಳಲು ತರಬೇತಿ ಪಡೆದ ಉಪಾಧ್ಯಾಯಿನಿಯರು ಬೇಕು, ಶಾಲೆಗಳ ತನಿಖೆಗೆ ಸ್ತ್ರೀಯರನ್ನೇ ನೇಮಿಸಬೇಕು, ಸ್ತ್ರೀಯರಿಗೆ ವೈದ್ಯಶಿಕ್ಷಣ ದೊರೆಯಬೇಕು ಎಂಬುದು ಅವರ ಅಭಿಪ್ರಾಯವಾಗಿತ್ತು. ಶಾಲೆಯ ಮೇಲ್ವಿಚಾರಣೆ ಸ್ತ್ರೀಯ ಕೈಗೆ ಬರಬೇಕೆಂದು ಅಷ್ಟು ಹಿಂದೆಯೇ ಕೇಳಿದವರು ಅವರು.

೩. ಚೆಲ್ಟನ್‌ಹ್ಯಾಮಿನ ವಿವಾದ

ವೈದ್ಯಶಿಕ್ಷಣದ ಆಸೆಯಿಂದ ರಮಾಬಾಯಿಯವರು ೧೮೮೩ರಲ್ಲಿ ಇಂಗ್ಲೆಂಡಿಗೆ ಹೋದರು. ವಾಂಟೇಜ್ ಎಂಬ ಊರಿನ ಕ್ರೈಸ್ತ ಸನ್ಯಾಸಿನಿಯರ ಆಶ್ರಯದಲ್ಲಿದ್ದು ಅದೇ ವರ್ಷ ಸೆಪ್ಟೆಂಬರ್ ೨೯ರಂದು ದೀಕ್ಷಾಸ್ನಾನ ಪಡೆದರು. ಅವರ ಮತಾಂತರ ಸ್ವದೇಶದಲ್ಲಿ ತೀವ್ರ ಚರ್ಚೆಗೆ ಕಾರಣವಾಯಿತು. ಅದರ ಗುಣದೋಷ ವಿಚಾರ ಇಲ್ಲಿಯ ವಿಷಯವಲ್ಲ. ಆದರೆ ಹೊಸ ಸಭೆಯೊಳಗೆ ಅವರಿಗೆ ದೊರೆತ ಸ್ಥಾನ ಎಂಥದು ಎಂಬುದನ್ನು ನಾವು ನೋಡಬೇಕು.

ಕಿವಿಯ ತೊಂದರೆಯಿಂದ ವೈದ್ಯವಿದ್ಯೆಯ ಆಸೆ ಈಡೇರಲಿಲ್ಲ. ಚೆಲ್ಟನ್‌ಹ್ಯಾಮಿನ ಮಹಿಳಾ ಕಾಲೇಜಿನಲ್ಲಿ ಅವರು ವಿದ್ಯಾರ್ಥಿನಿಯಾಗಿಯೂ ಸಂಸ್ಕೃತದ ಅಧ್ಯಾಪಕಿಯಾಗಿಯೂ ಸೇರಿದರು. ಪ್ರಾಂಶುಪಾಲರಾದ ಡೊರೊಥಿಯಾ ಬೀಲ್ ಅವರು ವಿದ್ಯಾಭ್ಯಾಸದ ಚರಿತ್ರೆಯಲ್ಲಿ ಹೆಸರಾದವರು. ಭಾರತಕ್ಕೆ ಹೋಗಲಿರುವ ತರುಣರಿಗೆ ರಮಾಬಾಯಿಯವರು ಭಾರತೀಯ ಭಾಷೆಗಳನ್ನು ಕಲಿಸಬಹುದೆಂಬ ಯೋಚನೆ ಹುಟ್ಟಿತು. ಆಗ ಲಾಹೋರಿನ ಬಿಷಪ್ಪರೂ ಮುಂಬಯಿಯ ಬಿಷಪ್ಪರೂ ಆಕ್ಷೇಪ ಎತ್ತಿದರು. ತರುಣ ಪುರುಷರಿಗೆ ಒಬ್ಬ ಸ್ತ್ರೀ ಪಾಠ ಹೇಳಿದರೆ ಭಾರತದಲ್ಲಿ ಆಕೆಯ ಗೌರವಕ್ಕೆ ಕುಂದು ಬರುತ್ತದೆ, ಮುಂದಿನ ಕಾರ್ಯಕ್ಕೆ ಅಡ್ಡಿಯಾಗುತ್ತದೆ ಎಂಬುದು ಅವರ ವಾದ.

೧೮೮೫ರಲ್ಲಿ ರಮಾಬಾಯಿಯವರು ಬರೆದ ಪತ್ರಗಳು ಉಳಿದುಬಂದಿವೆ. ಅವುಗಳ ತಾತ್ಪರ್ಯ ಹೀಗಿದೆ. ತಮ್ಮ ತಾಯಿ ತರುಣರಿಗೆ ಪಾಠ ಹೇಳಿದಾಗ ತಂದೆ ಆಕ್ಷೇಪಿಸಲಿಲ್ಲ. ತಾವು ಹೇಳಿದಾಗ ಪತಿಯೂ ಆಕ್ಷೇಪಿಸಲಿಲ್ಲ. ಈಗ ಇಂಗ್ಲಿಷರು ಆಕ್ಷೇಪಿಸುತ್ತಿರುವುದು ತಮಗೆ ಬಹಳ ಆಶ್ಚರ್ಯ ತಂದಿದೆ. ಒಂದು ಪುರೋಹಿತವರ್ಗದ ನೊಗವನ್ನು ಬಹು ಕಷ್ಟದಿಂದ ಕಳಚಿ ಬಂದಿರುವ ತಾವು ಅಂಥದೇ ಇನ್ನೊಂದು ನೊಗಕ್ಕೆ ಕೊರಳೊಡ್ಡಲು ಸಿದ್ಧರಿಲ್ಲ.

ಇಪ್ಪತ್ತೇಳು ವರ್ಷದ, ಹೊಸದಾಗಿ ಸಭೆ ಸೇರಿದ, ಪರರ ಆಶ್ರಯದಲ್ಲಿದ್ದ ಒಬ್ಬ ವಿಧವೆ ಇಬ್ಬರು ಬಿಷಪ್ಪರ ಮಾತಿಗೆ ಕೊಟ್ಟ ಉತ್ತರವಿದು. ಗಂಗಾಮೂಲದ ಕಾಡಿನ ಪಾಠಶಾಲೆಯೇ ಈ ವಾದಕ್ಕೆ ಆಧಾರವೆಂಬುದನ್ನು ಗಮನಿಸಬೇಕು. ಪೂರ್ವದೇಶದ ಸ್ತ್ರೀ ಕತ್ತಲಲ್ಲಿದ್ದಾಳೆ, ಪಶ್ಚಿಮದ ಸಭೆ ಆಕೆಗೆ ಬೆಳಕು ತಂದಿತು ಎಂಬ ಸರಳ ಮಾತು ಇಲ್ಲಿ ನಿಲ್ಲುವುದಿಲ್ಲ. ಹಾಗೆಂದು ನಮ್ಮ ಸಮಾಜ ನಿರ್ದೋಷಿಯೆಂದೂ ಹೇಳುವಂತಿಲ್ಲ. ಪತ್ನಿಗೆ ಅಕ್ಷರ ಕಲಿಸಿದ್ದಕ್ಕಾಗಿ ಅನಂತಶಾಸ್ತ್ರಿಗಳು ಕಾಡು ಸೇರಬೇಕಾಯಿತಲ್ಲವೇ? ಎರಡು ಕಡೆಯೂ ಬಾಗಿಲು ಮುಚ್ಚಿತ್ತು. ಎರಡು ಕಡೆಯೂ ಅದನ್ನು ತಟ್ಟಿದವರು ಬೋಧಕರೇ.

೪. ಪೀಠವಿಲ್ಲದ ಅಧಿಕಾರ

ರಮಾಬಾಯಿಯವರು ೧೮೮೬ರಲ್ಲಿ ಅಮೆರಿಕಕ್ಕೆ ಹೋಗಿ, ತಮ್ಮ ಬಂಧುವಾದ ಆನಂದೀಬಾಯಿ ಜೋಶಿಯವರು ವೈದ್ಯಪದವಿ ಪಡೆಯುವ ಸಮಾರಂಭವನ್ನು ಕಂಡರು. ಅಲ್ಲಿ ಉಪನ್ಯಾಸಗಳನ್ನು ಕೊಟ್ಟು, ೧೮೮೭ರಲ್ಲಿ ಮೇಲುಜಾತಿಯ ಹಿಂದೂ ಸ್ತ್ರೀಯನ್ನು ಕುರಿತ ತಮ್ಮ ಪ್ರಸಿದ್ಧ ಇಂಗ್ಲಿಷ್ ಪುಸ್ತಕವನ್ನು ಪ್ರಕಟಿಸಿ, ಹಣ ಕೂಡಿಸಿ ಹಿಂದಿರುಗಿದರು. ೧೮೮೯ರ ಮಾರ್ಚ್ ೧೧ರಂದು ಮುಂಬಯಿಯಲ್ಲಿ ವಿಧವೆಯರಿಗಾಗಿ ‘ಶಾರದಾ ಸದನ’ವನ್ನು ತೆರೆದರು. ಮರುವರ್ಷ ಅದು ಪುಣೆಗೆ ಬಂದಿತು. ಅಲ್ಲಿಯ ಬಾಲವಿಧವೆಯರ ಮತಾಂತರದ ವಿಚಾರವಾಗಿ ೧೮೯೩ರ ಸುಮಾರಿಗೆ ಎದ್ದ ವಿವಾದದಲ್ಲಿ ಅನೇಕ ಸುಧಾರಕ ಮಿತ್ರರು ದೂರವಾದರು.

೧೮೯೬–೯೭ರ ಬರಗಾಲದಲ್ಲಿ ಅವರು ನೂರಾರು ಹೆಣ್ಣುಮಕ್ಕಳನ್ನು ಕರೆತಂದು ಪುಣೆಯ ಸಮೀಪದ ಕೇಡಗಾಂವಿನಲ್ಲಿ ‘ಮುಕ್ತಿ’ ಎಂಬ ವಸತಿಯನ್ನು ಬೆಳೆಸಿದರು. ೧೯೦೦ರ ಬರಗಾಲದಲ್ಲಿ ಗುಜರಾತಿನಿಂದಲೂ ಮಕ್ಕಳು ಬಂದರು. ಆ ಕಾಲದಲ್ಲಿ ಅಲ್ಲಿದ್ದವರ ಸಂಖ್ಯೆ ಸುಮಾರು ಎರಡು ಸಾವಿರ. ಇಷ್ಟು ಜನರಿಗೆ ಅನ್ನ, ಬಟ್ಟೆ, ನೀರು, ಪಾಠ, ಕಸಬು ಒದಗಬೇಕು. ಬಾವಿ ತೋಡಿಸಿದರು, ಬೇಸಾಯ, ನೆಯ್ಗೆ, ಎಣ್ಣೆ ತೆಗೆಯುವುದು, ಅಚ್ಚುಕೂಟ ಎಲ್ಲವನ್ನೂ ಸ್ತ್ರೀಯರಿಂದಲೇ ನಡೆಸಿದರು. ೧೯೧೦ರ ದಶಕದ ಆರಂಭದಲ್ಲಿ ಕನ್ನಡನಾಡಿನ ಗುಲ್ಬರ್ಗದಲ್ಲಿಯೂ ಅವರ ಸಂಸ್ಥೆಯ ವತಿಯಿಂದ ಶಾಲೆಯೊಂದು ಆರಂಭವಾಯಿತು. ಹೀಬ್ರೂ ಮತ್ತು ಗ್ರೀಕ್ ಭಾಷೆಗಳನ್ನು ಅಭ್ಯಾಸ ಮಾಡಿ ಸತ್ಯವೇದವನ್ನು ಸಾಮಾನ್ಯರಿಗೆ ತಿಳಿಯುವ ಮರಾಠಿಗೆ ಅನುವಾದಿಸಿದರು. ಅದರ ಮೊಳೆ ಜೋಡಿಸಿದವರೂ ಮುದ್ರಿಸಿದವರೂ ಮುಕ್ತಿಯ ಸ್ತ್ರೀಯರೇ. ೧೯೨೨ರ ಏಪ್ರಿಲ್ ೫ರಂದು ರಮಾಬಾಯಿಯವರು ನಿಧನರಾದರು.

ಒಂದು ಸಭಾಪ್ರಾಂತ್ಯದ ಬಿಷಪ್ಪರು ಮಾಡುವ ಕೆಲಸದಲ್ಲಿ ಇಲ್ಲಿ ಯಾವುದು ಇರಲಿಲ್ಲ? ಬೋಧನೆಯಿತ್ತು, ಮೇಲ್ವಿಚಾರಣೆಯಿತ್ತು, ಧನದ ಲೆಕ್ಕವಿತ್ತು, ಧರ್ಮಗ್ರಂಥದ ವ್ಯಾಖ್ಯಾನವಿತ್ತು, ಹಳ್ಳಿಗಳಿಗೆ ಉಪದೇಶಕ್ಕೆ ಹೋಗುವ ತಂಡಗಳಿದ್ದವು. ಆದರೆ ತಾವು ಸಾಕಿ ಬೆಳೆಸಿದ ಮಕ್ಕಳಿಗೆ ದೀಕ್ಷಾಸ್ನಾನ ಕೊಡಲು ಗುರುದೀಕ್ಷೆ ಪಡೆದ ಪುರುಷರೊಬ್ಬರನ್ನೇ ಕರೆಸಬೇಕಾಗಿತ್ತು. ಎರಡು ಸಾವಿರ ಜನರನ್ನು ಬದುಕಿಸಿದವರಿಗೆ ಒಂದು ಮಗುವಿನ ತಲೆಯ ಮೇಲೆ ನೀರು ಹಾಕುವ ಅಧಿಕಾರವಿರಲಿಲ್ಲ. ಕೆಲಸವಿದೆ, ಪೀಠವಿಲ್ಲ: ಮುಂದಿನ ಅರ್ಧ ಶತಮಾನದ ಸ್ತ್ರೀಯರ ಚರಿತ್ರೆಯನ್ನು ಈ ಪದಗಳಲ್ಲಿ ಅಡಗಿಸಬಹುದು.

೫. ನಮ್ಮ ಗಡಿನಾಡಿನಲ್ಲಿ

ನಮ್ಮ ಸುತ್ತಮುತ್ತಲೂ ಇದೇ ಸ್ಥಿತಿ. ಸೇಲಮಿನಲ್ಲಿ ಲಂಡನ್ ಮಿಷನ್ನಿನ ಕೆಲಸ ಆರಂಭವಾದದ್ದು ೧೮೨೭ರಲ್ಲಿ. ಬೆಂಗಳೂರಿನಲ್ಲಿ ೧೮೪೦ರ ಸುಮಾರಿಗೆ ಅದೇ ಮಿಷನ್ನಿನ ಪಾದ್ರಿಗಳ ಪತ್ನಿಯರು ಕನ್ನಡ ಬಾಲಿಕೆಯರಿಗೆ ಪಾಠಶಾಲೆ ತೆರೆದರು. ದಾಖಲೆಗಳಲ್ಲಿ ಇಂಥವರು ಬಹುಮಟ್ಟಿಗೆ ‘ಶ್ರೀಮತಿ ಇಂಥವರು’ ಎಂದು ಪತಿಯ ಹೆಸರಿನಿಂದಲೇ ಉಳಿದಿದ್ದಾರೆ. ಅವರ ಕೈಕೆಳಗೆ ದುಡಿದ ನಾಡಹೆಂಗಸರಿಗೆ ಆ ಭಾಗ್ಯವೂ ಇಲ್ಲ. ಮನೆಮನೆಗೆ ಹೋಗಿ ಓದು ಕಲಿಸುತ್ತಿದ್ದ ಇವರನ್ನು ವರದಿಗಳು ‘ಬೈಬಲ್ ಸ್ತ್ರೀಯರು’ ಎಂದು ಸಂಖ್ಯೆಯಲ್ಲಿ ಎಣಿಸುತ್ತವೆ. ಹೆಸರು ಹೇಳುವುದು ಅಪರೂಪ.

ಕೃಷ್ಣಗಿರಿಗೆ ಈ ಚರಿತ್ರೆಯಲ್ಲಿ ಒಂದು ವಿಶೇಷ ಸ್ಥಾನವಿದೆ. ಅಮೆರಿಕದ ಮಿಸ್ಸೂರಿ ಲೂಥರನ್ ಸಭೆಯು ಭಾರತದಲ್ಲಿ ತನ್ನ ಮಿಷನ್ ಕಾರ್ಯವನ್ನು ೧೮೯೫ರಲ್ಲಿ ಆರಂಭಿಸಿದ್ದು ಕೃಷ್ಣಗಿರಿಯಲ್ಲಿಯೇ. ಮೊದಲು ಬಂದ ನೇಥರ್ ಮತ್ತು ಮೋನ್ ಎಂಬ ಇಬ್ಬರು ಪಾದ್ರಿಗಳಲ್ಲಿ ನೇಥರರು ೧೯೦೪ರಲ್ಲಿ ಪ್ಲೇಗಿಗೆ ಬಲಿಯಾದರು. ೧೯೧೩ರಲ್ಲಿ ಲೂಯಿಸ್ ಎಲ್ಲರ್ಮನ್ ಎಂಬ ದಾದಿ ಈ ಸಭೆಯ ವತಿಯಿಂದ ಬಂದು ಬರಗೂರಿನ ಕಡೆ ಔಷಧ ಕೊಡುವ ಕೆಲಸಕ್ಕೆ ನಿಂತರು. ಅದೇ ಮಿಷನ್ನಿನ ಆಂಬೂರಿನ ಆಸ್ಪತ್ರೆ ೧೯೨೩ರಲ್ಲಿ ತೆರೆದಾಗ ಅಲ್ಲಿಯೂ ದಾದಿಯರ ದುಡಿಮೆಯೇ ಆಧಾರ. ಸಮೀಪದ ವೆಲ್ಲೂರಿನಲ್ಲಿ ಐಡಾ ಸ್ಕಡ್ಡರ್ ಅವರು ೧೯೧೮ರಲ್ಲಿ ಸ್ತ್ರೀಯರಿಗಾಗಿ ವೈದ್ಯಶಾಲೆ ತೆರೆದ ಸಂಗತಿ ಎಲ್ಲರಿಗೂ ತಿಳಿದದ್ದೇ. ಮಿಸ್ಸೂರಿ ಸಭೆ ಇಂದಿಗೂ ಸ್ತ್ರೀಯರಿಗೆ ಗುರುದೀಕ್ಷೆ ಕೊಡುವುದಿಲ್ಲ. ರೋಮನ್ ಕ್ಯಾಥೊಲಿಕ್ ಸಭೆಯೂ ಕೊಡುವುದಿಲ್ಲ. ಆ ಸಭೆಗಳಿಗೆ ಅವುಗಳದೇ ಶಾಸ್ತ್ರಾಧಾರಗಳಿವೆ. ಆದರೆ ಅಲ್ಲಿಯೂ ಶಾಲೆ ಮತ್ತು ಆಸ್ಪತ್ರೆಗಳ ಭಾರವನ್ನು ಸ್ತ್ರೀಯರು ಹೊತ್ತಿದ್ದಾರೆಂಬುದನ್ನು ಯಾರೂ ಅಲ್ಲಗಳೆಯಲಾರರು.

ಇಲ್ಲಿ ಸ್ವಂತದ ಒಂದು ಮಾತು. ಕೆಲವು ವರ್ಷಗಳ ಹಿಂದೆ ಈ ಭಾಗದ ಹಳೆಯ ಪಾಠಶಾಲೆಯೊಂದರ ಕಾಗದಪತ್ರಗಳನ್ನು ಒಪ್ಪ ಮಾಡುವ ಕೆಲಸಕ್ಕೆ ನನ್ನನ್ನು ಕರೆದಿದ್ದರು. ಗೆದ್ದಲು ತಿಂದು ಉಳಿದ ಸಂಬಳದ ಪಟ್ಟಿಯೊಂದರಲ್ಲಿ ಪುರುಷ ಉಪಾಧ್ಯಾಯರ ಹೆಸರು, ತಂದೆಯ ಹೆಸರು, ಊರು ಎಲ್ಲವೂ ಇದ್ದವು. ಕೊನೆಯ ಸಾಲಿನಲ್ಲಿ ‘ಉಪದೇಶಿಯವರ ಹೆಂಡತಿ, ಸಣ್ಣ ಮಕ್ಕಳ ತರಗತಿ’ ಎಂದಷ್ಟೇ ಇತ್ತು. ಮುಂದಿನ ವರ್ಷದ ಪಟ್ಟಿಯಲ್ಲೂ ಹಾಗೆಯೇ; ಅದರ ಮುಂದಿನ ವರ್ಷವೂ ಹಾಗೆಯೇ. ಆಕೆಯಿಂದ ಅಕ್ಷರ ಕಲಿತವರ ಮೊಮ್ಮಕ್ಕಳು ಇಂದು ನಮ್ಮ ನಡುವೆ ಇರಬಹುದು. ಆಕೆಯ ಹೆಸರು ಮಾತ್ರ ಯಾರಿಗೂ ತಿಳಿಯದು. ಆ ಸಾಲನ್ನು ನಕಲು ಮಾಡಿಕೊಂಡಾಗಿನಿಂದ ಈ ವಿಷಯ ನನ್ನನ್ನು ಬಿಟ್ಟಿಲ್ಲ.

೬. ನಿಯಮ ಬದಲಾದ ಬಗೆ

ಸ್ತ್ರೀಯರಿಗಷ್ಟೇ ಅಲ್ಲ, ಭಾರತೀಯ ಪುರುಷರಿಗೂ ಆ ಪೀಠ ಬಹುಕಾಲ ದೂರವಾಗಿತ್ತು. ಆಂಗ್ಲಿಕನ್ ಸಭೆಯಲ್ಲಿ ಮೊದಲ ಭಾರತೀಯ ಬಿಷಪ್ಪರಾಗಿ ವಿ. ಎಸ್. ಅಜರಯ್ಯನವರು ದೋರ್ನಕಲ್ಲಿಗೆ ನೇಮಕವಾದದ್ದು ೧೯೧೨ರಲ್ಲಿ. ಮೊದಲು ವರ್ಣದ ಅಡ್ಡಗೋಡೆ ಬಿತ್ತು. ಲಿಂಗದ ಅಡ್ಡಗೋಡೆ ಉಳಿಯಿತು.

೧೯೪೭ರ ಸೆಪ್ಟೆಂಬರ್ ೨೭ರಂದು ಮದರಾಸಿನ ಸೇಂಟ್ ಜಾರ್ಜ್ ಕಥೀಡ್ರಲಿನಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., ಉದಯವಾಯಿತು. ಬಿಷಪ್ಪರುಳ್ಳ ಆಂಗ್ಲಿಕನ್ ಸಭೆಯೂ, ಬಿಷಪ್ಪರಿಲ್ಲದ ಕಾಂಗ್ರಿಗೇಷನಲ್, ಪ್ರೆಸ್ಬಿಟೀರಿಯನ್, ಮೆಥೊಡಿಸ್ಟ್ ಪರಂಪರೆಗಳೂ ಒಂದಾದದ್ದು ಜಗತ್ತಿನ ಸಭಾಚರಿತ್ರೆಯಲ್ಲೇ ಹೊಸ ಪ್ರಯೋಗ. ಸ್ವಾತಂತ್ರ್ಯ ಬಂದು ಆರು ವಾರ ಕಳೆದಿತ್ತಷ್ಟೆ. ಈ ಸಭೆಯಲ್ಲಿ ಸ್ತ್ರೀಯರಿಗೆ ಸೇವಿಕೆಯರಾಗಿ, ಸೋದರಿಯರ ಸಂಘದ ಸದಸ್ಯರಾಗಿ ಸ್ಥಾನವಿತ್ತು. ಬೆಂಗಳೂರಿನ ವಿಶ್ರಾಂತಿ ನಿಲಯ ಆ ಸೋದರಿಯರ ನೆಲೆಯಾಯಿತು. ಆದರೆ ಸಭಾಪಾಲಕರ ದೀಕ್ಷೆ ಪುರುಷರಿಗೇ ಮೀಸಲಾಗಿತ್ತು.

ವಿರೋಧಿಸುವವರು ಪೌಲನು ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರವನ್ನು ಎತ್ತಿ ತೋರಿಸುತ್ತಿದ್ದರು. ಸ್ತ್ರೀ ಬೋಧಿಸಬಾರದೆಂದು ಅಲ್ಲಿ ಹೇಳಿದೆ. ಪರವಾದಿಗಳು ಅದೇ ಪೌಲನು ರೋಮಿನವರಿಗೆ ಬರೆದ ಪತ್ರದಲ್ಲಿ ಸಭೆಯ ಸೇವಿಕೆಯೆಂದು ಹೊಗಳಿದ ಫೊಯಿಬೆಯನ್ನೂ, ವಿದ್ವಾಂಸನಾದ ಅಪೊಲ್ಲೋಸನಿಗೆ ಪತಿಯೊಡನೆ ಕೂಡಿ ಉಪದೇಶಿಸಿದ ಪ್ರಿಸ್ಕಿಲ್ಲಳನ್ನೂ ನೆನಪಿಸುತ್ತಿದ್ದರು. ಶಾಸ್ತ್ರವನ್ನು ಶಾಸ್ತ್ರದಿಂದಲೇ ಎದುರಿಸುವ ಈ ಕ್ರಮ ನಮಗೆ ಹೊಸದಲ್ಲ. ಅನಂತಶಾಸ್ತ್ರಿಗಳು ಉಡುಪಿಯಲ್ಲಿ ಮಾಡಿದ್ದೂ ಇದನ್ನೇ.

ಹೊರಗಿನ ಜಗತ್ತಿನಲ್ಲಿಯೂ ಹೆಜ್ಜೆಗಳು ಮೂಡುತ್ತಿದ್ದವು. ೧೯೪೪ರಲ್ಲಿ, ಜಪಾನಿನ ಆಕ್ರಮಣದಿಂದ ಗುರುಗಳೇ ಇಲ್ಲದಂತಾದ ಚೀನದ ಸಭೆಗಾಗಿ, ಹಾಂಗ್‌ಕಾಂಗಿನ ಬಿಷಪ್ಪರು ಫ್ಲಾರೆನ್ಸ್ ಲೀ ಟಿಮ್-ಓಯ್ ಎಂಬ ಸ್ತ್ರೀಗೆ ಗುರುದೀಕ್ಷೆ ಕೊಟ್ಟರು. ಯುದ್ಧ ಮುಗಿದ ಮೇಲೆ ಒತ್ತಾಯಕ್ಕೆ ಮಣಿದು ಆಕೆ ಆ ಅಧಿಕಾರದ ಬಳಕೆಯನ್ನು ನಿಲ್ಲಿಸಬೇಕಾಯಿತು. ಆಪತ್ತಿನಲ್ಲಿ ಬೇಕಾದವಳು ಶಾಂತಿಯಲ್ಲಿ ಬೇಡವಾದಳು. ಸಿ.ಎಸ್.ಐ.ಯಲ್ಲಿ ೧೯೭೬ರಲ್ಲಿ ಎಲಿಜಬೆತ್ ಪಾಲ್ ಅವರು ದೀಕ್ಷೆ ಪಡೆದು ಮೊದಲ ಮಹಿಳಾ ಸಭಾಪಾಲಕರಾದರು. ಇಂಗ್ಲೆಂಡಿನ ಸಭೆ ಸ್ತ್ರೀಯರಿಗೆ ಗುರುದೀಕ್ಷೆ ಕೊಟ್ಟದ್ದು ೧೯೯೪ರಲ್ಲಿ, ನಮಗಿಂತ ಹದಿನೆಂಟು ವರ್ಷ ತಡವಾಗಿ.

೭. ನಂದ್ಯಾಲದ ಪೀಠ

ದೀಕ್ಷೆಯ ಬಾಗಿಲು ತೆರೆದ ಮೇಲೂ ಬಿಷಪ್ಪರ ಪೀಠಕ್ಕೆ ಇನ್ನೂ ಮೂವತ್ತೇಳು ವರ್ಷ ಹಿಡಿಯಿತು. ಅದಕ್ಕೆ ಕಾರಣ ತಿಳಿಯಬೇಕಾದರೆ ಆಯ್ಕೆಯ ಕ್ರಮವನ್ನು ತಿಳಿಯಬೇಕು. ಸಿ.ಎಸ್.ಐ.ಯಲ್ಲಿ ಬಿಷಪ್ಪರನ್ನು ಮೇಲಿನವರು ತಾವೇ ನೇರವಾಗಿ ಕಳುಹಿಸುವುದಿಲ್ಲ. ಸಭಾಪ್ರಾಂತ್ಯದ ಪರಿಷತ್ತಿನಲ್ಲಿ ಸಭಾಪಾಲಕರೂ ಸಾಮಾನ್ಯ ಸದಸ್ಯರ ಪ್ರತಿನಿಧಿಗಳೂ ಮತ ಹಾಕಿ ಕೆಲವು ಹೆಸರುಗಳ ಪಟ್ಟಿ ಮಾಡುತ್ತಾರೆ. ಆ ಪಟ್ಟಿಯಿಂದ ಒಬ್ಬರನ್ನು ಸಿನಡ್ ಎಂಬ ಮಹಾಸಭೆಯ ಕಡೆಯಿಂದ ಆರಿಸಲಾಗುತ್ತದೆ. ಹೀಗಾಗಿ ನಿಯಮದಲ್ಲಿ ಅವಕಾಶವಿದ್ದರೆ ಸಾಲದು. ಹಳ್ಳಿಯಿಂದ ಬಂದ ಪ್ರತಿನಿಧಿಯ ಮನಸ್ಸೂ ಒಪ್ಪಬೇಕು. ನಿಯಮ ಒಂದು ದಿನದ ಸಭೆಯಲ್ಲಿ ಬದಲಾಗುತ್ತದೆ. ರೂಢಿ ಬದಲಾಗಲು ಒಂದು ತಲೆಮಾರು 빼ಬೇಕು ಎಂಬಷ್ಟು ಕಾಲ ಹಿಡಿಯುತ್ತದೆ.

ಎಗ್ಗೋನಿ ಪುಷ್ಪಲಲಿತಾ ಅವರು ೧೯೫೬ರಲ್ಲಿ ಆಂಧ್ರದ ಕರ್ನೂಲು ಜಿಲ್ಲೆಯಲ್ಲಿ ಹುಟ್ಟಿದವರು. ದೈವಶಾಸ್ತ್ರದ ವ್ಯಾಸಂಗ ಮಾಡಿ ೧೯೮೦ರ ದಶಕದ ಮೊದಲ ವರ್ಷಗಳಲ್ಲಿ ಗುರುದೀಕ್ಷೆ ಪಡೆದರು. ಅನಂತರದ ಸುಮಾರು ಮೂರು ದಶಕಗಳು ಗ್ರಾಮಾಂತರದ ಸಭೆಗಳ ಸೇವೆಯಲ್ಲಿ ಕಳೆದವು. ಕರ್ನೂಲು ಸೀಮೆಯ ಸಭಾಪಾಲಕರ ಕೆಲಸ ಎಂಥದೆಂಬುದನ್ನು ನಮ್ಮ ಓದುಗರು ಊಹಿಸಬಲ್ಲರು. ಒಬ್ಬರ ಆಡಳಿತಕ್ಕೆ ಅನೇಕ ಹಳ್ಳಿಗಳು. ಮಳೆ ನಂಬಿದ ಭೂಮಿ. ಸಭೆಯ ಬಹುಭಾಗ ದಲಿತ ಕೂಲಿಕಾರ ಕುಟುಂಬಗಳು. ಮದುವೆ, ಸಾವು, ಜಗಳ, ಶಾಲೆ, ರೋಗ ಎಲ್ಲಕ್ಕೂ ಜನ ಬರುವುದು ಸಭಾಪಾಲಕರ ಮನೆಗೇ. ೨೦೧೩ರ ಸೆಪ್ಟೆಂಬರ್ ಕೊನೆಯಲ್ಲಿ, ನಂದ್ಯಾಲದ ಹೋಲಿ ಕ್ರಾಸ್ ಕಥೀಡ್ರಲಿನಲ್ಲಿ, ಅವರು ಅಭಿಷಿಕ್ತರಾಗಿ ದಕ್ಷಿಣ ಭಾರತ ಸಭೆಯ ಮೊದಲ ಮಹಿಳಾ ಬಿಷಪ್ ಆದರು. ರಮಾಬಾಯಿಯವರು ವಾಂಟೇಜಿನಲ್ಲಿ ದೀಕ್ಷಾಸ್ನಾನ ಪಡೆದದ್ದೂ ಒಂದು ಸೆಪ್ಟೆಂಬರ್ ಕೊನೆಯಲ್ಲಿ, ನೂರಮೂವತ್ತು ವರ್ಷಗಳ ಹಿಂದೆ.

ಇದರಲ್ಲಿ ಚರಿತ್ರೆಯ ಒಂದು ಸೋಜಿಗವಿದೆ. ೧೯೪೭ರಲ್ಲಿ ದಕ್ಷಿಣದ ಸಭೆಗಳೆಲ್ಲ ಕೂಡುತ್ತಿದ್ದಾಗ ಕೂಡಲೊಲ್ಲದೆ ಹೊರಗುಳಿದ ಆಂಗ್ಲಿಕನ್ ಸಮುದಾಯಗಳಲ್ಲಿ ಮುಖ್ಯವಾದದ್ದು ನಂದ್ಯಾಲವೇ. ಗುರುದೀಕ್ಷೆಯ ಹಳೆಯ ಕ್ರಮಕ್ಕೆ ಧಕ್ಕೆ ಬರಬಾರದೆಂಬ ಕಾಳಜಿ ಆ ಪರಂಪರೆಯಲ್ಲಿ ಬಲವಾಗಿತ್ತು. ಆ ಸಭಾಪ್ರಾಂತ್ಯ ಸಿ.ಎಸ್.ಐ. ಸೇರಿದ್ದು ೧೯೭೫ರಲ್ಲಿ. ಸಂಪ್ರದಾಯವನ್ನು ಬಿಗಿಯಾಗಿ ಹಿಡಿದಿದ್ದ ಸ್ಥಳದಿಂದಲೇ ಹೊಸ ಹೆಜ್ಜೆ ಹೊರಟಿತು. ಬೆಂಗಳೂರು, ಮದರಾಸುಗಳಂಥ ದೊಡ್ಡ ನಗರಗಳಲ್ಲಿ ಆಗದ್ದು ಬರಡು ಸೀಮೆಯ ಒಂದು ಊರಿನಲ್ಲಿ ಆಯಿತು. ಹಳ್ಳಿಗಳ ಜನ ಆಕೆಯ ಕೆಲಸವನ್ನು ಮೂವತ್ತು ವರ್ಷ ಕಣ್ಣಾರೆ ಕಂಡಿದ್ದರೆಂಬುದೇ ಇದಕ್ಕೆ ಕಾರಣವಿರಬೇಕೆಂದು ನನ್ನ ಅಭಿಪ್ರಾಯ.

ರಮಾಬಾಯಿಯವರಿಗೆ ಆಕ್ಷೇಪ ಎದುರಾದ ಇಂಗ್ಲೆಂಡಿನಲ್ಲಿ ಲಿಬ್ಬಿ ಲೇನ್ ಅವರು ಮೊದಲ ಮಹಿಳಾ ಬಿಷಪ್ ಆಗಿ ಅಭಿಷಿಕ್ತರಾದದ್ದು ೨೦೧೫ರ ಜನವರಿಯಲ್ಲಿ. ಅಂದರೆ ನಂದ್ಯಾಲ ಇಂಗ್ಲೆಂಡಿಗಿಂತ ಸುಮಾರು ಹದಿನಾರು ತಿಂಗಳು ಮುಂದಿತ್ತು. ಅಮೆರಿಕದಲ್ಲಿ ಬಾರ್ಬರಾ ಹ್ಯಾರಿಸ್ ಅವರು ೧೯೮೯ರಲ್ಲೇ ಆಂಗ್ಲಿಕನ್ ಪರಂಪರೆಯ ಮೊದಲ ಮಹಿಳಾ ಬಿಷಪ್ ಆಗಿದ್ದರು. ೨೦೨೫ರಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಪದವಿಗೆ ಸಾರಾ ಮುಲ್ಲಲ್ಲಿ ಅವರ ಹೆಸರು ಪ್ರಕಟವಾಯಿತು. ಅವರು ಮೊದಲು ದಾದಿಯಾಗಿದ್ದವರು. ಬರಗೂರಿನ ದಾದಿಯನ್ನು ನೆನೆದವರಿಗೆ ಈ ಸಂಗತಿ ಅರ್ಥಪೂರ್ಣವಾಗಿ ಕಾಣುತ್ತದೆ.

೮. ಉಪಸಂಹಾರ

ಮೇಲಿನ ವಿವರಗಳಿಂದ ತಿಳಿಯುವುದಿಷ್ಟು. ಸ್ತ್ರೀಗೆ ಸಭೆಯ ಉನ್ನತ ಪೀಠ ಯಾರೋ ಒಂದು ದಿನ ಉದಾರವಾಗಿ ಕೊಟ್ಟ ದಾನವಲ್ಲ. ಮೊದಲು ಕೆಲಸ, ಆಮೇಲೆ ವಾದ, ಆಮೇಲೆ ನಿಯಮ, ಎಲ್ಲಕ್ಕೂ ಕೊನೆಯಲ್ಲಿ ರೂಢಿ: ಈ ಕ್ರಮದಲ್ಲಿ ಅದು ಬಂದಿತು. ಆ ಕೆಲಸದ ಮೊದಲ ರೂಪ ಪಾಠ ಹೇಳುವುದೇ ಆಗಿತ್ತು. ಲಕ್ಷ್ಮೀಬಾಯಿಯವರು ಕಾಡಿನಲ್ಲಿ ಹೇಳಿದ ಪಾಠ, ಅವರ ಮಗಳು ಮುಕ್ತಿಯಲ್ಲಿ ಹೇಳಿದ ಪಾಠ, ನಮ್ಮ ಊರಿನ ಹೆಸರಿಲ್ಲದ ಆ ತಾಯಿ ಸಣ್ಣ ಮಕ್ಕಳಿಗೆ ಹೇಳಿದ ಪಾಠ, ಇವೆಲ್ಲ ಒಂದೇ ದಾರಿಯ ಮೆಟ್ಟಿಲುಗಳು.

ಇದು ಒಂದು ಮತದ ಸಂಗತಿ ಮಾತ್ರವೆಂದು ನಾವು ದೂರ ನಿಲ್ಲಬೇಕಾಗಿಲ್ಲ. ಒಮ್ಮೆ ನಾನು ರಜೆಯ ಮೇಲಿದ್ದಾಗ ಹಿರಿಯ ಉಪಾಧ್ಯಾಯಿನಿಯೊಬ್ಬರು ಹದಿನೈದು ದಿನ ಮುಖ್ಯೋಪಾಧ್ಯಾಯರ ಕಾರ್ಯಭಾರ ವಹಿಸಿದ್ದರು. ಹಾಜರಿ, ಲೆಕ್ಕ, ಪತ್ರವ್ಯವಹಾರ ಎಲ್ಲವೂ ನನಗಿಂತ ಅಚ್ಚುಕಟ್ಟಾಗಿ ನಡೆದಿದ್ದವು. ಆದರೆ ಆ ಹದಿನೈದು ದಿನವೂ ಅವರು ಮೇಜಿನ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕುಳಿತಿದ್ದರಂತೆ. “ಕುರ್ಚಿ ಖಾಲಿಯಿತ್ತಲ್ಲಮ್ಮ, ಯಾಕೆ ಕೂರಲಿಲ್ಲ?” ಎಂದು ಕೇಳಿದೆ. “ಅದು ಹೆಡ್‌ಮಾಸ್ಟರ ಕುರ್ಚಿ ಅಲ್ವಾ ಸಾರ್” ಎಂದರು. ಕೂರಬೇಡವೆಂದು ಯಾವ ನಿಯಮವೂ ಹೇಳಿರಲಿಲ್ಲ. ಕೂರಿ ಎಂದು ರಜೆಗೆ ಹೊರಡುವಾಗ ನಾನೂ ಹೇಳಿರಲಿಲ್ಲ. ಆ ತಪ್ಪು ನನ್ನದು.

ಕೊನೆಯದಾಗಿ ಉಪಾಧ್ಯಾಯ ಬಂಧುಗಳಲ್ಲಿ ಒಂದು ವಿಜ್ಞಾಪನೆ. ನಿಮ್ಮ ನಿಮ್ಮ ಊರಿನ ಶಾಲೆ, ಆಸ್ಪತ್ರೆ, ದೇವಾಲಯ, ಇಗರ್ಜಿಗಳ ಹಳೆಯ ಪುಸ್ತಕಗಳನ್ನು ಗೆದ್ದಲು ಮುಗಿಸುವ ಮೊದಲು ಒಮ್ಮೆ ತೆರೆದು ನೋಡಿರಿ. ‘ಇಂಥವರ ಹೆಂಡತಿ’ ಎಂದು ಬರೆದಿರುವ ಕಡೆ ನಿಂತು, ಊರಿನ ಮುದುಕರನ್ನು ವಿಚಾರಿಸಿ, ಆ ಹೆಸರನ್ನು ಪತ್ತೆ ಮಾಡಿ ಬರೆದಿಡಿರಿ. ಕನ್ನಡದಲ್ಲಾಗಲಿ, ತೆಲುಗಿನಲ್ಲಾಗಲಿ, ತಮಿಳಿನಲ್ಲಾಗಲಿ ಬರೆಯಿರಿ. ಪೀಠವೇರಿದವರ ಹೆಸರು ಹೇಗೂ ಉಳಿಯುತ್ತದೆ. ಅದಕ್ಕೆ ಮೆಟ್ಟಿಲಾದವರ ಹೆಸರನ್ನು ಉಳಿಸುವುದು ನಮ್ಮ ಕೆಲಸ.